ಮರಗೆಲಸ: ಓದುಗರ ಪ್ರಶ್ನೆ, ನಮ್ಮ ಉತ್ತರ
ಬೆಂಚಿನ ಹಲಗೆಗೆ ರೌಟರ್ ಪ್ಲೇಟ್ ಕೂರಿಸುವುದು

ಪ್ರಶ್ನೆ: 18 ಮಿ.ಮೀ. ಪ್ಲೈವುಡ್ಡಿನ ಎರಡು ಹಾಳೆ ಅಂಟಿಸಿ ಬೆಂಚಿಗೆ ಮೇಲ್ಹಲಗೆ ಮಾಡಿಕೊಂಡಿದ್ದೇನೆ. ಅದಕ್ಕೆ 298 x 235 ಮಿ.ಮೀ. ಅಳತೆಯ, 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ ರೌಟರ್ ಪ್ಲೇಟ್ ಕೂರಿಸಬೇಕು, ಅಂದರೆ ತಿರುಗುವ ಬಿಟ್ಟಿನಿಂದ ಮರ ತೋಡುವ ಯಂತ್ರವಾದ ರೌಟರನ್ನು ಬೆಂಚಿನ ಅಡಿಗೆ ತಲೆಕೆಳಗಾಗಿ ನೇತುಹಾಕುವ ತಟ್ಟೆ. ಅಂಚಿನಲ್ಲಿ ಸಂದು ಬೀಳಬಾರದು, ಮೇಲ್ಮೈ ಸಮನಾಗಿರಬೇಕು. ಮೊದಲು ಕಿಂಡಿ ಕೊಯ್ಯಬೇಕೋ, ಪ್ಲೇಟ್ ಕೂರುವ ಮೆಟ್ಟಿಲನ್ನು ಮೊದಲು ತೋಡಬೇಕೋ?

ಉತ್ತರ: ಮೆಟ್ಟಿಲು ಮೊದಲು, ಕಿಂಡಿ ಆಮೇಲೆ. ಈ ಕ್ರಮ ತಪ್ಪಿದರೆ ಮುಂದಿನ ಕೆಲಸವೆಲ್ಲ ಕಷ್ಟ. ಕಿಂಡಿಯನ್ನು ಮೊದಲೇ ಕೊಯ್ದುಬಿಟ್ಟರೆ ಮೆಟ್ಟಿಲು ತೋಡುವಾಗ ರೌಟರಿನ ಅರ್ಧ ತಳಕ್ಕೆ ಆಧಾರ ಇರುವುದಿಲ್ಲ. ಅದು ಒಳಕ್ಕೆ ವಾಲುತ್ತದೆ, ವಾಲಿದ ಕಡೆ ಮೆಟ್ಟಿಲು ಆಳವಾಗುತ್ತದೆ. ಆಮೇಲೆ ಪ್ಲೇಟ್ ಕುಂಟುತ್ತದೆ.

ಗೆರೆ ಎಳೆದು ಅಳತೆಗೆ ಕೊಯ್ಯಲು ಹೋಗಬೇಡಿ. ಪ್ಲೇಟನ್ನೇ ಅಳತೆಗೋಲು ಮಾಡಿಕೊಳ್ಳಿ. ಒಂದೇ 18 ಮಿ.ಮೀ. ಹಾಳೆಯಿಂದ 100 ಮಿ.ಮೀ. ಅಗಲದ ನಾಲ್ಕು ಪಟ್ಟಿ ಕೊಯ್ದುಕೊಳ್ಳಿ. ಒಂದೊಂದು ಪಟ್ಟಿಯ ಒಂದು ಅಂಚಾದರೂ ಕಡ್ಡಿಯಂತೆ ನೇರವಾಗಿರಬೇಕು. ಪ್ಲೇಟನ್ನು ಅದು ಕೂರಬೇಕಾದ ಜಾಗದಲ್ಲೇ ಇಟ್ಟು ಸುತ್ತ ಪಟ್ಟಿಗಳನ್ನು ಗಾಳಿಗಿರಗಿಟ್ಟೆಯ ಹಾಗೆ ಜೋಡಿಸಿ: ಪ್ರತಿ ಪಟ್ಟಿಯ ತುದಿ ಪಕ್ಕದ ಪಟ್ಟಿಯ ಬದಿಗೆ ತಾಗಬೇಕು, ಇನ್ನೊಂದು ತುದಿ ಎಷ್ಟು ಉದ್ದ ಹೊರಚಾಚಿದರೂ ಚಿಂತೆಯಿಲ್ಲ. ಹೀಗೆ ಜೋಡಿಸಿದರೆ ಉದ್ದವನ್ನು ಅಳೆಯುವ ಕೆಲಸವೇ ಇಲ್ಲ. ಒಂದು ಉದ್ದದ ಬದಿಗೂ ಒಂದು ಗಿಡ್ಡ ಬದಿಗೂ ಪ್ಲೇಟ್ ಮತ್ತು ಪಟ್ಟಿಯ ನಡುವೆ ವಿಸಿಟಿಂಗ್ ಕಾರ್ಡಿನ ತುಂಡು ಸಿಕ್ಕಿಸಿ. ಆ 0.3 ಮಿ.ಮೀ. ಸಡಿಲ ಬೇಕೇ ಬೇಕು. ಇಲ್ಲದಿದ್ದರೆ ಪ್ಲೇಟ್ ಒಳಗೆ ಬಡಿದು ಕೂರಿಸುವಂತಾಗುತ್ತದೆ, ಮತ್ತೆ ಎತ್ತಲು ಬರುವುದಿಲ್ಲ.

ಪಟ್ಟಿಗಳನ್ನು ಎರಡು ಮುಖದ ಟೇಪಿನಿಂದ ಅಂಟಿಸಿ, ಒತ್ತಿ, ಕ್ಲಾಂಪ್ ಎಟುಕುವ ಕಡೆ ಕ್ಲಾಂಪ್ ಹಾಕಿ. ಪ್ಲೇಟ್ ಎತ್ತಿಡಿ. ಈಗ ಹೆಚ್ಚಿನವರು ಮರೆಯುವ ಕೆಲಸ: ಅದೇ 18 ಮಿ.ಮೀ. ಹಾಳೆಯ ಸುಮಾರು 240 x 175 ಮಿ.ಮೀ. ತುಂಡೊಂದನ್ನು ಚೌಕದ ನಟ್ಟನಡುವೆ ಅಂಟಿಸಿ. ರೌಟರ್ ಪಟ್ಟಿಯ ಮೇಲೂ ಈ ತುಂಡಿನ ಮೇಲೂ ಕಾಲೂರಿಕೊಂಡು ಓಡುತ್ತದೆ, ವಾಲುವ ಮಾತೇ ಇಲ್ಲ.

ಬಿಟ್ ಯಾವುದು ಎನ್ನುವುದರಲ್ಲಿ ಎಡವುವವರು ಬಹಳ. ಬೇಕಾದದ್ದು ಪ್ಯಾಟರ್ನ್ ಬಿಟ್, ಅಂದರೆ ಪಟ್ಟಿಯ ಅಂಚಿಗೆ ಒತ್ತಿಕೊಂಡು ಉರುಳುವ ಬೇರಿಂಗ್ ಅಲಗಿನ ಮೇಲ್ಗಡೆ, ಶ್ಯಾಂಕಿನ (ರೌಟರಿಗೆ ಸಿಕ್ಕಿಸುವ ಕಾಂಡದ) ಕಡೆ ಇರುವ ಬಿಟ್. ಅದರ ಅಲಗು 12 ಮಿ.ಮೀ.ಗಿಂತ ಉದ್ದವಿರಬಾರದು. 25 ಮಿ.ಮೀ. ಅಲಗಿನ ಬಿಟ್ಟನ್ನು ಮೊದಲ ಸುತ್ತಿಗೆ 3 ಮಿ.ಮೀ. ಇಳಿಸಿದರೆ ಬೇರಿಂಗ್ ಬೆಂಚಿನಿಂದ 22 ಮಿ.ಮೀ. ಮೇಲಿರುತ್ತದೆ. ಪಟ್ಟಿಯ ಎತ್ತರ 18 ಮಾತ್ರ. ಬೇರಿಂಗ್ ಗಾಳಿಯಲ್ಲಿ ತಿರುಗುತ್ತದೆ, ಅಲಗು ಪಟ್ಟಿಯನ್ನೇ ತಿನ್ನುತ್ತದೆ. ಬಿಟ್ಟಿನ ವ್ಯಾಸವನ್ನು ಪ್ಲೇಟಿನ ಮೂಲೆ ನೋಡಿ ಆರಿಸಿ. ಮೂಲೆಯ ತ್ರಿಜ್ಯದ ಎರಡರಷ್ಟು ವ್ಯಾಸ ಬೇಕು. 19 ಮಿ.ಮೀ. ಬಿಟ್ 9.5 ಮಿ.ಮೀ. ತ್ರಿಜ್ಯದ ಮೂಲೆ ಬಿಡುತ್ತದೆ. ಬಿಟ್ ಚಿಕ್ಕದಾದರೆ ಮೂಲೆಯಲ್ಲಿ ಸಣ್ಣ ಸಂದು ಕಾಣುತ್ತದೆ, ಅಷ್ಟೇ. ದೊಡ್ಡದಾದರೆ ಪ್ಲೇಟ್ ಇಳಿಯುವುದೇ ಇಲ್ಲ, ಉಳಿ ಹಿಡಿದು ಮೂಲೆ ಬಿಡಿಸಬೇಕು.

ಆಳಕ್ಕೂ ಪ್ಲೇಟೇ ಅಳತೆ. ರೌಟರನ್ನು ಪಟ್ಟಿಗಳ ಮೇಲಿಟ್ಟು ಬಿಟ್ಟಿನ ತುದಿ ಬೆಂಚಿನ ಹಲಗೆಗೆ ಮುಟ್ಟುವ ತನಕ ಇಳಿಸಿ ಬಿಗಿಮಾಡಿ. ಬಿಟ್ ಎಷ್ಟು ಆಳ ಇಳಿಯಬೇಕೆಂದು ನಿಗದಿಮಾಡುವ ರೌಟರಿನ ಕಂಬಿಗೂ ಅದರ ಕೆಳಗಿನ ತಡೆಗೂ ನಡುವೆ ಪ್ಲೇಟಿನ ಒಂದು ಮೂಲೆಯನ್ನು ತೂರಿಸಿ, ಜೊತೆಗೆ 1 ಮಿ.ಮೀ. ದಪ್ಪದ ರಟ್ಟಿನ ತುಂಡೊಂದನ್ನು ಇಟ್ಟು, ಕಂಬಿಯನ್ನು ಅವುಗಳ ಮೇಲೆ ಕೂರಿಸಿ ಬಿಗಿಮಾಡಿ. ಪ್ಲೇಟಿನ ದಪ್ಪ ಮತ್ತು 1 ಮಿ.ಮೀ. ಸೇರಿ ನಿಮ್ಮ ಆಳ ಗೊತ್ತಾಯಿತು. ಆ ಹೆಚ್ಚುವರಿ 1 ಮಿ.ಮೀ. ಮಟ್ಟದ ಸ್ಕ್ರೂಗಳಿಗೆ, ಅಂದರೆ ಪ್ಲೇಟನ್ನು ಎತ್ತಿ ಇಳಿಸಿ ಬೆಂಚಿಗೆ ಸಮ ಮಾಡುವ ಸ್ಕ್ರೂಗಳಿಗೆ. ಪ್ಲೇಟಿನಲ್ಲಿ ಅಂಥ ಸ್ಕ್ರೂ ಇಲ್ಲದಿದ್ದರೆ ರಟ್ಟು ಬೇಡ, ಆಗ ಮಾತ್ರ ಆಳ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಹಳೆಯ ಹಲಗೆಯೊಂದರ ಮೇಲೆ ಒಂದು ಗೇಣು ತೋಡಿ ನೋಡಿಯೇ ಬೆಂಚಿಗೆ ಕೈಹಚ್ಚಿ.

ಒಂದೊಂದು ಸುತ್ತಿಗೆ 3 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ. ಚೌಕದ ಒಳಗೆ ರೌಟರ್ ಹೋಗಬೇಕಾದದ್ದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಹಾಗೆ ಹೋದಾಗ ಬಿಟ್ ತಾನಾಗಿ ಪಟ್ಟಿಗೆ ಒತ್ತಿಕೊಳ್ಳುತ್ತದೆ. ಉಲ್ಟಾ ಹೋದರೆ ಕೈಯಿಂದ ಕಿತ್ತುಕೊಂಡು ಓಡುತ್ತದೆ. ಕೊನೆಯ ಸುತ್ತನ್ನು ಎರಡು ಸಲ ಹಾಕಿ.

ಈಗ 19 ಮಿ.ಮೀ. ಅಗಲದ ಒಂದು ಕಾಲುವೆ ಸಿಗುತ್ತದೆ. ಮಟ್ಟದ ಸ್ಕ್ರೂಗಳು ಮೂಲೆಯಿಂದ ಒಳಗೆ ಇದ್ದರೆ ಆ ಮೂಲೆಗಳಲ್ಲಿ ಕಾಲುವೆಯನ್ನು ಇನ್ನಷ್ಟು ಅಗಲ ಮಾಡಿ, ಸ್ಕ್ರೂ ತುದಿಗೆ ಮರ ಸಿಗಬೇಕು. ಪಟ್ಟಿ ಕೀಳುವ ಮೊದಲು ಪ್ಲೇಟ್ ಇಳಿಸಿ ಪರೀಕ್ಷಿಸಿ. ಕಿತ್ತ ಮೇಲೆ ಅದೇ ಜಾಗಕ್ಕೆ ಮರಳಿ ಅಂಟಿಸುವುದು ಆಗದ ಮಾತು. ಸರಿ ಇದ್ದರೆ ಪಟ್ಟಿಗಳನ್ನೂ ನಡುವಿನ ತುಂಡನ್ನೂ ಕಿತ್ತು, ಕಾಲುವೆಯ ಹೊರಗೋಡೆಯಿಂದ 15 ಮಿ.ಮೀ. ಬಿಟ್ಟು, ಅಗಲ ಮಾಡಿದ ಮೂಲೆಗಳಿದ್ದರೆ ಅವನ್ನು ಉಳಿಸಿಕೊಂಡು ಒಳಗೆ ಗೆರೆ ಎಳೆದು, ನಾಲ್ಕು ಮೂಲೆಗೆ 12 ಮಿ.ಮೀ. ತೂತು ಕೊರೆದು, ಜಿಗ್ ಸಾ ಹಾಕಿ ಕೊಯ್ಯಿರಿ. ನಾಲ್ಕನೆಯ ಬದಿ ಮುಗಿಯುವ ಮೊದಲು ಕೆಳಗಿನಿಂದ ಒಂದು ರೀಪು ಅಡ್ಡ ಹಿಡಿಸಿ. ಇಲ್ಲವಾದರೆ ನಡುವಿನ ತುಂಡು ತನ್ನ ಭಾರಕ್ಕೆ ಜೋತುಬಿದ್ದು ಮೆಟ್ಟಿಲಿನ ಒಂದು ಪದರವನ್ನು ಸೀಳಿಕೊಂಡು ಬೀಳುತ್ತದೆ. ಕೊಯ್ದ ಅಂಚಿಗೂ ಮೆಟ್ಟಿಲಿಗೂ ಎರಡು ಕೈ ವಾರ್ನಿಷ್ ಹಚ್ಚಿ.

ನಿಮ್ಮ ಹಲಗೆ 36 ಮಿ.ಮೀ. ಇರುವುದರಿಂದ ಮೆಟ್ಟಿಲಿನಲ್ಲಿ 25 ಮಿ.ಮೀ. ಮರ ಉಳಿಯುತ್ತದೆ, ಭದ್ರವಾಗಿದೆ. ಒಂದೇ 18 ಮಿ.ಮೀ. ಹಾಳೆ ಇಟ್ಟುಕೊಂಡಿರುವ ಓದುಗರಿಗೆ ಉಳಿಯುವುದು 7 ಮಾತ್ರ. ಐದಾರು ಕಿಲೋ ತೂಗುವ ರೌಟರ್ ನೇತುಹಾಕಲು ಅದು ಸಾಲದು. ಅಡಿಯಿಂದ ಇನ್ನೊಂದು ಹಾಳೆ ಅಂಟಿಸಿಯೇ ಮುಂದುವರಿಯಿರಿ.

ಪ್ರಶ್ನೆ: ಪ್ಲೇಟ್ ಕೂರಿಸಿ ಆಯಿತು. ಆದರೆ ಮರದ ಪಟ್ಟಿಗೆ ತೋಡು ಹೊಡೆಯುವಾಗ ಪ್ರತಿಸಲವೂ ಒಂದೇ ಜಾಗದಲ್ಲಿ ಮರ ಗಕ್ಕನೆ ನಿಲ್ಲುತ್ತದೆ, ಅಲ್ಲಿ ಸುಟ್ಟ ಕಲೆ ಬೀಳುತ್ತದೆ. ಬಿಟ್ ಹೊಸದು.

ಉತ್ತರ: ಬಿಟ್ಟಿನದ್ದಲ್ಲ, ಮಟ್ಟದ ತೊಂದರೆ. ಮರವನ್ನು ಬಲದಿಂದ ಎಡಕ್ಕೆ ದೂಡುತ್ತೀರಿ. ಪ್ಲೇಟ್ ಬೆಂಚಿಗಿಂತ ಸ್ವಲ್ಪ ತಗ್ಗಿದ್ದರೆ ಮರದ ಮುಂದಿನ ತುದಿ ಪ್ಲೇಟಿನ ಮೇಲೆ ಇಳಿದು, ಎಡಭಾಗದ ಬೆಂಚಿನ ಅಂಚಿಗೆ ಢಿಕ್ಕಿ ಹೊಡೆಯುತ್ತದೆ. ಮರ ನಿಂತ ಆ ಕ್ಷಣವೂ ಬಿಟ್ ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ, ಕಲೆ ಅದರಿಂದ. ಬಿಟ್ಟಿನಿಂದ ಎಡ ಅಂಚಿಗೆ ಎಷ್ಟು ದೂರವೋ ಮರದ ತುದಿಯಿಂದ ಕಲೆಗೂ ಅಷ್ಟೇ ದೂರ ಇದ್ದರೆ ಇದೇ ಕಾರಣ ಎಂದು ಖಚಿತಮಾಡಿಕೊಳ್ಳಿ.

ರಸಮಟ್ಟ ಇಲ್ಲಿ ಕೆಲಸಕ್ಕೆ ಬಾರದು. ಬೆಂಚು ಓರೆಯಿದ್ದರೂ ಪರವಾಗಿಲ್ಲ, ಪ್ಲೇಟೂ ಬೆಂಚೂ ಒಂದೇ ಸಮತಲದಲ್ಲಿರಬೇಕು. ಪ್ಲೇಟಿಗಿಂತ ಉದ್ದದ, ನೇರವಾದ ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಎಲ್ಲಿ ನುಸುಳುತ್ತದೆ ನೋಡಿ. ಉದ್ದಕ್ಕೆ, ಅಡ್ಡಕ್ಕೆ, ಎರಡು ಕರ್ಣಕ್ಕೆ, ಹೀಗೆ ನಾಲ್ಕೂ ಕಡೆ ನೋಡಬೇಕು. ಕರ್ಣ ನೋಡದೆ ಬಿಟ್ಟವರಿಗೆ ತಿರುಚು ಕಾಣುವುದೇ ಇಲ್ಲ.

ಸರಿಪಡಿಸುವಾಗ ರೌಟರ್ ಪ್ಲೇಟಿಗೆ ತೂಗಿಕೊಂಡೇ ಇರಲಿ, ಪ್ಲಗ್ ಮಾತ್ರ ಕಿತ್ತಿರಲಿ. ಬರಿ ಪ್ಲೇಟನ್ನು ಸಮ ಮಾಡಿ ಆಮೇಲೆ ಭಾರ ಹೇರಿದರೆ ಮಟ್ಟ ಮತ್ತೆ ಕೆಡುತ್ತದೆ. ಮೊದಲು ಮೂರು ಮೂಲೆಗಳ ಸ್ಕ್ರೂ ತಿರುಗಿಸಿ ಸಮಕ್ಕೆ ತನ್ನಿ. ನಾಲ್ಕನೆಯದನ್ನು ಮುಟ್ಟುವ ತನಕ ಮಾತ್ರ ಇಳಿಸಿ ನಿಲ್ಲಿಸಿ. ಎಂ6 (6 ಮಿ.ಮೀ. ವ್ಯಾಸದ) ಸ್ಕ್ರೂ ಒಂದು ಪೂರ್ತಿ ಸುತ್ತಿಗೆ 1 ಮಿ.ಮೀ. ಚಲಿಸುತ್ತದೆ, ಅಂದರೆ ಕಾಲು ಸುತ್ತಿಗೆ 0.25. ಬೆರಳ ತುದಿಗೆ ಅದರರ್ಧ ವ್ಯತ್ಯಾಸವೂ ಗೊತ್ತಾಗುತ್ತದೆ, ಹಾಗಾಗಿ ಕೊನೆಯಲ್ಲಿ ಕೈ ಬಹಳ ಹಗುರವಿರಲಿ. ಬದಿಗಳ ನಡುವೆಯೂ ಸ್ಕ್ರೂ ಇದ್ದರೆ ಅವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿಸಿ. ಮೇಲಿಂದ ಪ್ಲೇಟನ್ನು ಹಿಡಿದಿಡುವ ಸ್ಕ್ರೂಗಳನ್ನು ಬಲವಾಗಿ ಬಿಗಿದರೆ ಪ್ಲೇಟ್ ಬಾಗುತ್ತದೆ. ಮೇಲೆದ್ದು ಬರದಷ್ಟು ಬಿಗಿ ಸಾಕು.

ಒಂದೆರಡು ವಾರದಲ್ಲಿ ಅದೇ ತೊಂದರೆ ಮರುಕಳಿಸಿದರೆ ಮೆಟ್ಟಿಲು ನೋಡಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಮೆದು ಪ್ಲೈವುಡ್ಡಿನಲ್ಲಿ ಸ್ಕ್ರೂ ತುದಿ ನಡುಕಕ್ಕೆ ಕೊರೆದುಕೊಂಡು ಇಳಿದಿರುತ್ತದೆ. ಪ್ರತಿ ಸ್ಕ್ರೂ ಕೆಳಗೆ 20 ಮಿ.ಮೀ. ಚೌಕದ, 1.5 ಮಿ.ಮೀ. ದಪ್ಪದ ಕಬ್ಬಿಣದ ತಗಡನ್ನು, ಅದರ ದಪ್ಪದಷ್ಟೇ ಮರ ತೆಗೆದು, ಎಪಾಕ್ಸಿಯಿಂದ ಕೂರಿಸಿ. ಆಮೇಲೆ ಸ್ಕ್ರೂ ತುದಿ ಕಬ್ಬಿಣದ ಮೇಲೆಯೇ ನಿಲ್ಲುವುದರಿಂದ ಮಟ್ಟ ಜಾರುವುದಿಲ್ಲ.

ಪ್ರಶ್ನೆ: ನನ್ನ ಬೆಂಚು 60 ಮಿ.ಮೀ. ದಪ್ಪದ ಗಟ್ಟಿಮರದ್ದು. ಅದರಲ್ಲೂ ಇದೇ ವಿಧಾನ ನಡೆಯುತ್ತದೆಯೇ?

ಉತ್ತರ: ಮೆಟ್ಟಿಲು ತೋಡುವ ವಿಧಾನ ಅದೇ. ಆದರೆ ಎರಡು ವಿಷಯ ಬೇರೆ.

ಒಂದು, ದಪ್ಪ. ರೌಟರಿನ ತಳ, ಹಿಡಿಕೆ, ಎತ್ತರ ಹೊಂದಿಸುವ ಗುಂಡಿ ಎಲ್ಲವೂ 60 ಮಿ.ಮೀ. ಆಳದ ಬಾವಿಯೊಳಗೆ ಸಿಕ್ಕಿಕೊಳ್ಳುತ್ತವೆ, ಕೈ ತೂರುವುದಿಲ್ಲ. ಬೆಂಚನ್ನು ಮಗುಚಿಹಾಕಿ, ಕಿಂಡಿಯ ಸುತ್ತ ಅಡಿಯಿಂದ ಮರ ಕೆತ್ತಿ ತೆಗೆಯಬೇಕು. ಮೆಟ್ಟಿಲಿನ ಕೆಳಗೆ 25 ಮಿ.ಮೀ. ಉಳಿದರೆ ಸಾಕು. ಹಿಡಿಕೆಗಳನ್ನು ಬಿಚ್ಚಲು ಬರುವ ರೌಟರಾದರೆ ಬಿಚ್ಚಿಯೇ ಅಳತೆ ನೋಡಿ, ಎಷ್ಟೋ ಕೆತ್ತನೆ ಉಳಿಯುತ್ತದೆ.

ಎರಡು, ಮರದ ಉಸಿರಾಟ. ಗಟ್ಟಿಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಮರದ ತೇವ ಶೇ. 4ರಷ್ಟು ಬದಲಾದರೆ 235 ಮಿ.ಮೀ. ಅಗಲದಲ್ಲಿ ಸುಮಾರು 2 ಮಿ.ಮೀ. ವ್ಯತ್ಯಾಸ ಬರಬಹುದು. ಕಿಂಡಿಯೂ ಮರದ ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಹವೆ ತೇವವಿದ್ದಾಗ ಬಿಗಿಯಾಗಿ ಕೂರಿಸಿದ ಪ್ಲೇಟನ್ನು ಒಣಹವೆಯಲ್ಲಿ ಮರ ಎರಡು ಕಡೆಯಿಂದ ಹಿಂಡುತ್ತದೆ. ಪ್ಲೇಟ್ ನಡುವೆ ಉಬ್ಬುತ್ತದೆ, ಇಲ್ಲವೇ ಮರ ಮೂಲೆಯಿಂದ ಬಿರಿಯುತ್ತದೆ. ಆದ್ದರಿಂದ ಪ್ಲೇಟಿನ ಉದ್ದದ ಬದಿಯನ್ನು ಮರದ ಎಳೆಯ ಉದ್ದಕ್ಕೆ ಇಡಿ, ಆಗ ಹಿಗ್ಗುವ ದಿಕ್ಕಿಗೆ ಗಿಡ್ಡ ಅಳತೆ ಬರುತ್ತದೆ. ಆ ದಿಕ್ಕಿನಲ್ಲಿ ತೇವದ ದಿನಗಳಾದರೆ ಎರಡೂ ಬದಿಗೆ 1 ಮಿ.ಮೀ. ಸಡಿಲ, ಒಣದಿನಗಳಾದರೆ ಕಾರ್ಡಿನ ದಪ್ಪ ಸಾಕು. ಸಂದು ಕಂಡರೆ ಕಾಣಲಿ. ಮರವನ್ನು ಫೆನ್ಸ್ (ಮರ ಒರಗಿಸಿ ದೂಡುವ ನೇರ ತಡೆ) ನಡೆಸುತ್ತದೆಯೇ ಹೊರತು ಪ್ಲೇಟಿನ ಅಂಚಲ್ಲ.

ಪ್ರಶ್ನೆ: ಪ್ಲೇಟಿನಲ್ಲಿ ನನ್ನ ರೌಟರಿಗೆ ಹೊಂದುವ ತೂತುಗಳಿಲ್ಲ. ಬಿಟ್ ಸರಿಯಾಗಿ ನಡುವೆ ಬರುವಂತೆ ಕೊರೆಯುವುದು ಹೇಗೆ?

ಉತ್ತರ: ರೌಟರಿನ ಅಡಿಯ ಪ್ಲಾಸ್ಟಿಕ್ ತಳವನ್ನು ಬಿಚ್ಚಿ ಅದನ್ನೇ ಅಚ್ಚು ಮಾಡಿಕೊಳ್ಳಿ. ಆದರೆ ಪ್ಲಾಸ್ಟಿಕ್ ತಳದ ನಡುತೂತು ಎಷ್ಟೋ ಸಲ ಕಾಲೆಟ್ಟಿಗೆ (ರೌಟರಿನಲ್ಲಿ ಬಿಟ್ ಹಿಡಿಯುವ ಭಾಗಕ್ಕೆ) ಸರಿಯಾಗಿ ನಡುವೆ ಇರುವುದಿಲ್ಲ. ಅದಕ್ಕೆ, ಬಿಚ್ಚುವ ಮೊದಲು ಕಾಲೆಟ್ಟಿಗೆ ಚೂಪು ತುದಿಯ ವಿ-ಬಿಟ್ ಹಾಕಿ. ಪ್ಲೇಟನ್ನು ಮೇಲ್ಮುಖ ಕೆಳಗೆ ಮಾಡಿ ಒಂದು ಹಲಗೆಯ ಮೇಲೆ ಅಂಟಿಸಿ, ಅದರ ದುಂಡುಕಿಂಡಿಯ ನಟ್ಟನಡುವನ್ನು ಆ ಹಲಗೆಯ ಮೇಲೆ ಗುರುತುಮಾಡಿ. ಪ್ಲಗ್ ಹಾಕದೆ, ಬಿಟ್ಟಿನ ತುದಿ ಆ ಗುರುತಿಗೆ ಮುಟ್ಟುವಂತೆ ರೌಟರನ್ನು ಪ್ಲೇಟಿನ ಮೇಲೆ ಕೂರಿಸಿ, ತಳದ ಸುತ್ತ ಪ್ಲೇಟಿನ ಮೇಲೆ ಗೆರೆ ಎಳೆದು, ತಳಕ್ಕೂ ಪ್ಲೇಟಿಗೂ ಸೇರಿಸಿ ಒಂದು ಗುರುತು ಹಾಕಿ, ಆಮೇಲೆ ತಳವನ್ನು ರೌಟರಿನಿಂದ ಬಿಚ್ಚಿ ಅದೇ ಗೆರೆಗೆ, ಅದೇ ಗುರುತಿಗೆ ಎರಡು ಮುಖದ ಟೇಪಿನಿಂದ ಅಂಟಿಸಿ. ಅಂಟಿಸುವ ಮುನ್ನ ಸ್ವಿಚ್ ಯಾವ ಕಡೆಗೆ ಬರುತ್ತದೆ ಎಂದು ನೋಡಿ, ಅದು ಬೆಂಚಿನ ಮುಂಭಾಗಕ್ಕೇ ಇರಬೇಕು.

ತೂತು ಕೊರೆದ ಮೇಲೆ ಮೇಲ್ಮುಖದಿಂದ ಸ್ಕ್ರೂ ತಲೆಗೆ ಕುಳಿ ಮಾಡಿ. ಎಂ5, ಎಂ6ನಂಥ ಮೆಟ್ರಿಕ್ ಸ್ಕ್ರೂಗಳ ತಲೆ 90 ಡಿಗ್ರಿ ಕೋನದ್ದು, ಕುಳಿಯ ಬಿಟ್ಟೂ ಅದೇ ಕೋನದ್ದಿರಲಿ. ತಲೆ ಮೇಲ್ಮೈಗಿಂತ ಚೂರು ಕೆಳಗೇ ಕೂರಬೇಕು. ಹಳೆಯ ಸ್ಕ್ರೂ ಗಿಡ್ಡವಾಗುತ್ತದೆ: ಪ್ಲೇಟಿನ ದಪ್ಪದಿಂದ ಪ್ಲಾಸ್ಟಿಕ್ ತಳದ ದಪ್ಪ ಕಳೆದು, ಬಂದಷ್ಟು ಉದ್ದ ಹೆಚ್ಚಿರುವ ಸ್ಕ್ರೂ ತನ್ನಿ. ಅದಕ್ಕಿಂತ ಉದ್ದವಾದರೆ ರೌಟರಿನ ಒಳಗೆ ಯಾವುದಕ್ಕಾದರೂ ತಗುಲಬಹುದು. ಬಿಗಿಮಾಡಿದ ಮೇಲೆ ರೌಟರನ್ನು ಪೂರ್ತಿ ಎತ್ತಿ ಇಳಿಸಿ ನೋಡಿ.

ಪ್ರಶ್ನೆ: ಅಲ್ಯೂಮಿನಿಯಂ ಬದಲು ಅಕ್ರಿಲಿಕ್ ಹಾಳೆ ಹಾಕಬಹುದೇ?

ಉತ್ತರ: ಬೇಡ. ಸ್ಕ್ರೂ ಕುಳಿಗಳಿಂದ ಬಿರುಕು ಹೊರಡುತ್ತದೆ, ರೌಟರಿನ ಭಾರ ಸದಾ ತೂಗುತ್ತಿದ್ದರೆ ನಡುವೆ ಜಗ್ಗುತ್ತದೆ. ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ, ಆದರೆ ಬಾಗುತ್ತದೆ. ಅಲ್ಯೂಮಿನಿಯಂ ಸಿಗದಿದ್ದರೆ 10 ಮಿ.ಮೀ. ಫಿನಾಲಿಕ್ (ರಾಳದಿಂದ ಗಟ್ಟಿಗೊಳಿಸಿದ) ಹಾಳೆ ಒಳ್ಳೆಯದು. ಲೇಪವಿಲ್ಲದ ಅಲ್ಯೂಮಿನಿಯಂ ತಿಳಿಬಣ್ಣದ ಮರಕ್ಕೆ ಕಪ್ಪು ಹಿಡಿಸುತ್ತದೆ, ಆಗಾಗ ಮೇಣ ಉಜ್ಜಿ ಒರೆಸಿ.

ಪ್ರಶ್ನೆ: ಒಂದು ಬದಿಯಲ್ಲಿ 2 ಮಿ.ಮೀ. ಸಂದು ಉಳಿದು ಪ್ಲೇಟ್ ಅಲ್ಲಾಡುತ್ತಿದೆ. ಹಲಗೆಯನ್ನೇ ಬದಲಿಸಬೇಕೇ?

ಉತ್ತರ: ಬದಲಿಸಬೇಕಾಗಿಲ್ಲ. ಮರದ ಪುಡಿ ಮತ್ತು ಅಂಟು ಕಲಸಿ ತುಂಬಬೇಡಿ, ಪ್ಲೇಟ್ ಎತ್ತುವಾಗ ಅಂಚು ಉದುರುತ್ತದೆ. ಸಂದಿಗಿಂತ ಸ್ವಲ್ಪ ದಪ್ಪದ, ಗಟ್ಟಿಮರದ ಪಟ್ಟಿಯೊಂದನ್ನು ಆ ಗೋಡೆಯ ಪೂರ್ತಿ ಉದ್ದಕ್ಕೆ ಅಂಟಿಸಿ. ಒಣಗಿದ ಮೇಲೆ ಮೇಲ್ಭಾಗವನ್ನು ಬೆಂಚಿಗೆ ಸಮ ಮಾಡಿ, ಒಳಮುಖವನ್ನು ನೇರವಾದ ಮರದ ತುಂಡಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜುತ್ತಾ ಪ್ಲೇಟ್ ಇಳಿಸಿ ನೋಡುತ್ತಾ ಹೋಗಿ. ಕಾರ್ಡಿನ ತುಂಡು ತೂರಿದಾಗ ಹಗುರವಾಗಿ ಹಿಡಿದುಕೊಳ್ಳುವ ಹಂತಕ್ಕೆ ಬಂದೊಡನೆ ಉಜ್ಜುವುದನ್ನು ನಿಲ್ಲಿಸಿ.