ಇಟ್ಟುಕೊಂಡಿದ್ದು ಹತ್ತೇ ಅಕ್ಷರ, ಮೆಮೊರಿ ಯಾಕೆ ತುಂಬಿತು?

ಪ್ರಶ್ನೆ: ನಮ್ಮ ರೈಸ್ ಮಿಲ್‌ನಲ್ಲಿ ಜಾವಾ 6ರ ಹಳೇ ಪ್ರೋಗ್ರಾಂ ಇದೆ. ಭತ್ತದ ತೂಕದ ಫೈಲ್ ಓದಿ, ಪ್ರತಿ ಸಾಲಿನ ಮೊದಲ ಹತ್ತು ಅಕ್ಷರ, ಅಂದರೆ ಲಾಟ್ ನಂಬರ್ ಮಾತ್ರ ಲಿಸ್ಟಿಗೆ ಹಾಕುತ್ತೇವೆ. ಆದರೂ ಸುಗ್ಗಿಯಲ್ಲಿ ಮೆಮೊರಿ ತುಂಬಿ ನಿಂತು ಹೋಗುತ್ತದೆ. ತಪ್ಪೆಲ್ಲಿ?
- ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ತಪ್ಪು ನಿಮ್ಮದಲ್ಲ. ಜಾವಾ 6ರಲ್ಲಿ ಸ್ಟ್ರಿಂಗ್‌ನಿಂದ, ಅಂದರೆ ಅಕ್ಷರಗಳ ಸಾಲಿನಿಂದ, ತುಂಡು ಕತ್ತರಿಸಿಕೊಡುವ ಸಬ್‌ಸ್ಟ್ರಿಂಗ್ ಅಕ್ಷರಗಳನ್ನು ನಕಲು ಮಾಡುವುದೇ ಇಲ್ಲ. ಮೂಲ ಸಾಲಿನ ಅರೇಯನ್ನೇ (ಅಕ್ಷರಗಳನ್ನು ಮೆಮೊರಿಯಲ್ಲಿ ಸಾಲಾಗಿ ಇಟ್ಟ ಜಾಗ) ಹಿಡಿದುಕೊಂಡು, ಎಲ್ಲಿಂದ ಶುರು, ಎಷ್ಟು ಉದ್ದ ಅಂತ ಎರಡು ಅಂಕಿ ಮಾತ್ರ ಬರೆದುಕೊಳ್ಳುತ್ತದೆ. ಹಿಡಿ ಭತ್ತದ ಸ್ಯಾಂಪಲ್ ಬೇಕು ಅಂತ ಇಡೀ ಚೀಲವನ್ನೇ ಗೋದಾಮಿನಲ್ಲಿ ಉಳಿಸಿಕೊಂಡ ಹಾಗೆ. ಲಿಸ್ಟಿನಲ್ಲಿ ಆ ಹತ್ತು ಅಕ್ಷರ ಇರುವವರೆಗೂ, ಬೇಡವಾದ ಮೆಮೊರಿಯನ್ನು ಖಾಲಿ ಮಾಡುವ ಗಾರ್ಬೇಜ್ ಕಲೆಕ್ಟರ್ ಮೂಲ ಸಾಲನ್ನು ಮುಟ್ಟುವಂತಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಅಕ್ಷರಕ್ಕೆ 2 ಬೈಟ್. ಸಾಲಿಗೆ 500 ಅಕ್ಷರ, 1 ಲಕ್ಷ ಸಾಲು ಅಂದರೆ 10 ಕೋಟಿ ಬೈಟ್. ನಿಮಗೆ ನಿಜಕ್ಕೂ ಬೇಕಿದ್ದದ್ದು 20 ಲಕ್ಷ ಅಷ್ಟೇ!

ಹಾಗಂತ ಇದನ್ನು ಮಾಡಿದವರು ದಡ್ಡರಲ್ಲ. ಜಾವಾದಲ್ಲಿ ಸ್ಟ್ರಿಂಗ್ ಒಮ್ಮೆ ಆದ ಮೇಲೆ ಬದಲಾಗುವುದಿಲ್ಲ, ಆದ್ದರಿಂದ ಹಂಚಿಕೊಂಡರೆ ಅಪಾಯವಿಲ್ಲ, ಎಷ್ಟೇ ಉದ್ದದ ತುಂಡು ಕತ್ತರಿಸಿದರೂ ಕ್ಷಣದಲ್ಲಿ ಮುಗಿಯುತ್ತದೆ. ಅಕ್ಷರ ಸೇರಿಸುತ್ತಾ ಸ್ಟ್ರಿಂಗ್ ಕಟ್ಟುವ ಸ್ಟ್ರಿಂಗ್‌ಬಫರ್‌ನಲ್ಲೂ ಮೊದಲು ಇದೇ ಉಪಾಯ ಇತ್ತು. ಕಟ್ಟಿದ್ದನ್ನು ಸ್ಟ್ರಿಂಗ್ ಆಗಿ ಪಡೆಯಲು ಟುಸ್ಟ್ರಿಂಗ್ ಕರೆದಾಗ ಬಫರ್ ತನ್ನ ಅರೇಯನ್ನೇ ಕೊಟ್ಟು 'ಹಂಚಿದ್ದೇನೆ' ಅಂತ ಗುರುತು ಹಾಕಿಕೊಳ್ಳುತ್ತಿತ್ತು, ಮುಂದೆ ಏನಾದರೂ ಸೇರಿಸುವ ಮುಂಚೆ ನಕಲು ಮಾಡುತ್ತಿತ್ತು. ಅಲ್ಲೂ ಅದೇ ತಾಪತ್ರಯ: ಬಫರ್ ದೊಡ್ಡದಾಗಿ ಬೆಳೆದಿದ್ದರೆ, ಪುಟ್ಟ ಸ್ಟ್ರಿಂಗ್ ಕೂಡ ದೊಡ್ಡ ಅರೇ ಹಿಡಿದು ಕೂರುತ್ತಿತ್ತು. 2004ರ ಜಾವಾ 5ರಲ್ಲಿ ಇದನ್ನು ಬಿಟ್ಟು ನೇರ ನಕಲಿಗೆ ಬಂದರು. ಸಬ್‌ಸ್ಟ್ರಿಂಗ್ ಮಾತ್ರ 2012ರವರೆಗೂ, ಜಾವಾ 7ರ ಅಪ್‌ಡೇಟ್ 6 ಬರುವವರೆಗೂ ಹಾಗೇ ಇತ್ತು.

ಜಾವಾ ಈಗಲೇ ಬದಲಿಸಲು ಆಗದಿದ್ದರೆ ಒಂದೇ ಸಾಲು ತಿದ್ದಿದರೆ ಸಾಕು. ಸಬ್‌ಸ್ಟ್ರಿಂಗ್ ಕೊಟ್ಟದ್ದನ್ನು ಸುಮ್ನೆ ಲಿಸ್ಟಿಗೆ ಹಾಕಬೇಡಿ, 'ನ್ಯೂ ಸ್ಟ್ರಿಂಗ್' ಒಳಗೆ ಕೊಟ್ಟು ಹಾಕಿ. ಆಗ ಹತ್ತೇ ಅಕ್ಷರದ ಹೊಸ ಅರೇ ಆಗುತ್ತದೆ, ಹಳೇ ಸಾಲು ಬಿಡುಗಡೆಯಾಗುತ್ತದೆ. ಹೊಸ ಜಾವಾಗೆ ಹೋದರೆ ಸಬ್‌ಸ್ಟ್ರಿಂಗ್ ತಾನೇ ನಕಲು ಮಾಡುತ್ತದೆ, ಇದು ಬೇಕಿಲ್ಲ, ಆದರೆ ದೊಡ್ಡ ಸ್ಟ್ರಿಂಗನ್ನು ಪದೇಪದೇ ಕತ್ತರಿಸುವ ಕೋಡ್ ಎಲ್ಲಾದರೂ ಇದ್ದರೆ ಅಲ್ಲಿ ನಿಧಾನ ಆಗಬಹುದು, ಅದನ್ನೊಮ್ಮೆ ನೋಡಿಕೊಳ್ಳಿ.