ರಿವ್ಯೂ ಬಂದ ಮೇಲೆ ಮಾಯವಾಗುವ ವಿದ್ಯಾರ್ಥಿಗಳು

ಫೆಬ್ರವರಿ, ಮಾರ್ಚ್ ಬಂತೆಂದರೆ ತಮ್ಮ ಕೋಡ್‌ಗೆ ಬಂದ ರಿವ್ಯೂ, ಅಂದರೆ ಪರಿಶೀಲಿಸಿದವರ ಟಿಪ್ಪಣಿ, ನೋಡಿ ಹೆದರಿದ ವಿದ್ಯಾರ್ಥಿಗಳು ಒಬ್ಬಿಬ್ಬರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದೇ ಬರುತ್ತಾರೆ. ಹೊಸಬರು ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಕಳಿಸಬಹುದಾದ) ಸಾಫ್ಟ್‌ವೇರ್‌ಗೆ ಕೆಲಸ ಮಾಡುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮಕ್ಕೆ ಅರ್ಜಿ ಹಾಕಲು ತಯಾರಾಗುವ ಕಾಲ ಅದು. ಗಣಿತದ ಸಾಫ್ಟ್‌ವೇರ್ ಸಿಮ್‌ಪೈಯಂಥ ಪ್ರಾಜೆಕ್ಟ್‌ಗಳಲ್ಲಿ ಅರ್ಜಿದಾರರ ಒಂದು ಪ್ಯಾಚ್ (ಕೋಡ್ ತಿದ್ದುಪಡಿ) ಆದರೂ ಮರ್ಜ್ ಆಗಿರಬೇಕು, ಅಂದರೆ ಮೂಲ ಕೋಡ್‌ಗೆ ಸೇರಿರಬೇಕು. ಹಾಗಾಗಿ ಗಡಿಬಿಡಿ ಜಾಸ್ತಿ.

ಈ ಹುಡುಗ ಇಂಜಿನಿಯರಿಂಗ್ ಮೂರನೇ ವರ್ಷ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಿಜ್ಞಾನದ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್ ಒಂದಕ್ಕೆ ಮೊದಲ ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದ್ದ. ಸಾಲು ಸಾಲು ಕಾಮೆಂಟ್ ಬಂದವು. ಅವತ್ತಿನಿಂದ ಆ ಪುಟವನ್ನೇ ತೆರೆದಿರಲಿಲ್ಲ. ಊಟ, ನಿದ್ದೆ ಸರಿಯಾಗಿತ್ತು. ಅದು ಕೆಟ್ಟಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ಎರಡನೇ ಸಲ ಬಂದಾಗ ಉತ್ತರ ಬರೆದುಕೊಂಡು ಬಂದಿದ್ದ: "ರೆಸ್ಪೆಕ್ಟೆಡ್ ಸರ್, ನಿಮ್ಮ ಸಮಯ ಹಾಳು ಮಾಡಿದ್ದಕ್ಕೆ ಕ್ಷಮಿಸಿ. ಇದನ್ನು ಕ್ಲೋಸ್ ಮಾಡುತ್ತೇನೆ."

"ಅವರು ಏನು ಕೇಳಿದ್ದಾರೆ, ಓದು" ಎಂದೆ.

"ಇನ್‌ಪುಟ್ ಸೊನ್ನೆ ಆದರೆ ಏನು ಬರುತ್ತೆ? ಅದಕ್ಕೊಂದು ಟೆಸ್ಟ್ ಸೇರಿಸ್ತೀರಾ?"

"ಇದರಲ್ಲಿ ಬೈಗುಳ ಎಲ್ಲಿದೆಯಪ್ಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೇಡಂ, ಲ್ಯಾಬ್ ರೆಕಾರ್ಡ್ ವಾಪಸ್ ಬಂದ್ರೆ ಇಡೀ ಪುಟ ಮತ್ತೆ ಬರೀಬೇಕು. ಕೆಂಪು ಇಂಕು ಅಂದ್ರೆ ತಪ್ಪು ಅಂತಲೇ ಅಲ್ವಾ?"

ಈ ಮಾತು ನನ್ನನ್ನು ಬಹಳ ಕಾಡಿದೆ. ತಿದ್ದಿದವರ ಜೊತೆ ಕೂತು ಮಾತಾಡಬಹುದು ಅನ್ನೋದನ್ನೇ ನಾವು ಈ ಮಕ್ಕಳಿಗೆ ಕಲಿಸಿಲ್ಲ.

"ಸರಿ, ಸೊನ್ನೆ ಕೊಟ್ಟರೆ ಏನಾಗುತ್ತೆ?" ನಾನೇ ಕೇಳಿದೆ.

"ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದ ಹಾಗೆ ಆಗುತ್ತೆ. ನ್ಯಾನ್, ಅಂದ್ರೆ 'ಇದು ಸಂಖ್ಯೆಯೇ ಅಲ್ಲ' ಅನ್ನೋ ಉತ್ತರ ಬರುತ್ತೆ. ಬರೀ ವಾರ್ನಿಂಗ್ ತೋರಿಸುತ್ತೆ, ಪ್ರೋಗ್ರಾಂ ನಿಲ್ಲಲ್ಲ. ಮುಂದಿನ ಲೆಕ್ಕ ಎಲ್ಲಾ ಕೆಡುತ್ತೆ ಮೇಡಂ!" ಹೇಳುತ್ತಲೇ ಲ್ಯಾಪ್‌ಟಾಪ್ ತೆಗೆದ.

ಕ್ಲೋಸ್ ಮಾಡಬೇಡ, ಕ್ಷಮೆ ಕೇಳಬೇಡ ಎಂದೆ. ಇವತ್ತು ಈ ಒಂದು ಕಾಮೆಂಟ್‌ಗೆ ಮಾತ್ರ ಉತ್ತರ ಬರೆ. ಅರ್ಥವಾಗದ್ದನ್ನು ಅವರನ್ನೇ ಕೇಳು. ಎರಡು ವಾರ ಸುದ್ದಿಯಿಲ್ಲದಿದ್ದರೆ ಒಮ್ಮೆ ನೆನಪಿಸು. ಇಂಥ ಸಾಫ್ಟ್‌ವೇರ್ ನೋಡಿಕೊಳ್ಳುವ ಮೇಂಟೇನರ್‌ಗಳಲ್ಲಿ ಎಷ್ಟೋ ಜನ ಸಂಬಳವಿಲ್ಲದೆ, ಬಿಡುವು ಮಾಡಿಕೊಂಡು ಈ ಕೆಲಸ ಮಾಡುತ್ತಾರೆ.

ಹೆದರಿದ ಹುಡುಗನನ್ನು ಮತ್ತೆ ಅಲ್ಲಿಗೇ ಕಳಿಸಿದ್ದು ಸರಿಯಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸರಿ ಎಂದೇ ಈಗಲೂ ಹೇಳುತ್ತೇನೆ. 2019ರಲ್ಲಿ ಜಗತ್ತು ನೋಡಿದ ಕಪ್ಪುಕುಳಿಯ ಚಿತ್ರದ ಹಿಂದಿನ ಲೆಕ್ಕಕ್ಕೆ ನಮ್‌ಪೈ, ಆಸ್ಟ್ರೋಪೈಯಂಥ ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಕೆಯಾಗಿತ್ತು. ಯಾರದೋ ಸಂಶೋಧನೆ ನಿಂತಿರುವುದು ಇಂಥ ಕೋಡ್ ಮೇಲೆ. ಸೊನ್ನೆಯ ಬಗ್ಗೆ ಕೇಳಿದವರು ಅವನ ಕೋಡನ್ನು ಗಮನವಿಟ್ಟು ಓದಿದ್ದರು. ಅದನ್ನು ಅವಮಾನ ಎಂದುಕೊಂಡೇ ಅವನು ದೂರ ಸರಿದಿದ್ದರೆ, ನಾಳೆ ಆಫೀಸಿನಲ್ಲೂ ಹೀಗೇ ಓಡುತ್ತಿದ್ದ.

ಅವನ ಪ್ಯಾಚ್ ಮರ್ಜ್ ಆಗುವ ಹೊತ್ತಿಗೆ ಅರ್ಜಿಯ ಗಡುವು ಮುಗಿದಿತ್ತು. ಬೇಜಾರಾಯಿತು ಎಂದ. ಈಗ ಆ ಸಾಫ್ಟ್‌ವೇರ್‌ನಲ್ಲಿ ಸರಿಪಡಿಸಬೇಕಾದ ಇನ್ನೊಂದು ಇಶ್ಯೂ ಹಿಡಿದಿದ್ದಾನೆ.