ಗಾಡಿ ಪ್ರಶ್ನೆ: ಇಸಿಯು ಹೊಸದು, ತೊಂದರೆಯೂ ಹೊಸದು

ಪ್ರಶ್ನೆ: ಸರ್, ನನ್ನದು 2004ರ ಪೆಟ್ರೋಲ್ ಜಿಪ್ಸಿ. ಹಳೇ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟುಹೋಯಿತು, ಕಂಪನಿಯದು ಸಿಗಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಟ್ಯೂನ್ ಮಾಡುವ ಹೊರಗಿನ ಇಸಿಯು ಹಾಕಿಸಿದೆ. ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ, ಹೊಸ ಸೆನ್ಸರ್ ಕೂಡ ಕೂರಿಸಿದ್ದಾರೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಹುಮನಾಬಾದ್ ಕಡೆ ಹೋಗುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಳ್ಳೋಕೆ ಹತ್ತು ನಿಮಿಷ ನಿಲ್ಲಿಸಿದರೆ ಮುಗೀತು, ಅರ್ಧ ಗಂಟೆ ಅಲ್ಲೇ. ಜೊತೆಗೆ 3,000 ಆರ್‌ಪಿಎಂ ದಾಟಿದರೆ ಜರ್ಕ್. ಎರಡು ಸಲ ಪ್ಲಗ್ ಬದಲಿಸಿದೆ. ಹಾಕಿಕೊಟ್ಟವರು ಮೂರು ಸಲ ಹೊಸ ಮ್ಯಾಪ್ (ಪೆಟ್ರೋಲ್, ಕಿಡಿಯ ಲೆಕ್ಕದ ಪಟ್ಟಿ) ಕಳಿಸಿದರು. ಏನೂ ಆಗಲಿಲ್ಲ.
- ಓದುಗರು, ಕಲಬುರಗಿ

ಉತ್ತರ: ಮೊದಲು ಆ ಮ್ಯಾಪ್ ಕಳಿಸುವುದನ್ನು ನಿಲ್ಲಿಸಲು ಹೇಳಿ. ಸೆನ್ಸರ್ ಸುಳ್ಳು ಹೇಳುತ್ತಿದ್ದರೆ ಎಂಥ ಮ್ಯಾಪ್ ಹಾಕಿದರೂ ಅಷ್ಟೇ ಅಲ್ವಾ? ನಿಮ್ಮದು ಎರಡು ಬೇರೆ ಬೇರೆ ಕಾಯಿಲೆ ಅಂತ ನನಗೆ ಅನ್ನಿಸುತ್ತದೆ.

ಬಿಸಿಯಲ್ಲಿ ಸ್ಟಾರ್ಟ್ ಆಗದ್ದನ್ನು ನೋಡೋಣ. ಮುಂದಿನ ಸಲ ಗಾಡಿ ಕೈಕೊಟ್ಟ ಕೂಡಲೇ, ತಣ್ಣಗಾಗುವ ಮೊದಲೇ, ಒಂದು ಪ್ಲಗ್ ಬಿಚ್ಚಿ ನೋಡಿ (ಕೈ ಸುಡುತ್ತದೆ, ಬಟ್ಟೆ ಇಟ್ಟುಕೊಳ್ಳಿ). ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಜಾಸ್ತಿ ಬೀಳುತ್ತಿದೆ ಅಂತ ಅರ್ಥ. ಒಣಗಿದ್ದರೆ ಸಾಲುತ್ತಿಲ್ಲ.

ಒದ್ದೆ ಇದ್ದರೆ ನನ್ನ ಅನುಮಾನ ಇಂಜಿನ್ ನೀರಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ಮೇಲೆ. ಇಂಜಿನ್ 85 ಡಿಗ್ರಿಯಲ್ಲಿದ್ದರೂ ಇಸಿಯು 50 ಅಂದುಕೊಂಡು ತಣ್ಣನೆ ಇಂಜಿನ್‌ಗೆ ಸುರಿದ ಹಾಗೆ ಪೆಟ್ರೋಲ್ ಸುರಿಯುತ್ತದೆ. ಸಾಮಾನ್ಯವಾಗಿ ಸೆನ್ಸರ್ ಕೆಟ್ಟಿರುವುದಿಲ್ಲ, ಸಾಫ್ಟ್‌ವೇರ್‌ನಲ್ಲಿ ಬೇರೆ ಸೆನ್ಸರ್‌ನ ಲೆಕ್ಕ ಹಾಕಿರುತ್ತಾರೆ. ಇಂಥ ಸೆನ್ಸರ್‌ಗಳು ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತವೆ. ಸೆನ್ಸರ್ ಬಿಚ್ಚಿ ಸ್ಟೀಲ್ ಲೋಟದ ಬಿಸಿ ನೀರಲ್ಲಿ ಅದ್ದಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಮಲ್ಟಿಮೀಟರ್ ಹಿಡಿದರೆ ನಿಮ್ಮ ಸೆನ್ಸರ್‌ನ ನಿಜವಾದ ಲೆಕ್ಕ ಸಿಗುತ್ತದೆ. ಸಾಫ್ಟ್‌ವೇರ್‌ಗೆ ಅದನ್ನೇ ಹಾಕಿ. ಅಲ್ಲಿಯವರೆಗೆ ದಾರಿಯಲ್ಲಿ ಸಿಕ್ಕಿಬಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಇಂಥ ಬಹಳಷ್ಟು ಇಸಿಯುಗಳು ಆಗ ಪೆಟ್ರೋಲ್ ನಿಲ್ಲಿಸುತ್ತವೆ, ಒದ್ದೆ ಒಣಗುತ್ತದೆ.

ಪ್ಲಗ್ ಒಣಗಿದ್ದರೆ ಗಾಳಿಯ ಬಿಸಿ ಅಳೆಯುವ ಸೆನ್ಸರ್ ನೋಡಿ. ಇಂಜಿನ್‌ಗೆ ಗಾಳಿ ಹೋಗುವ, ಕಬ್ಬಿಣದಂತೆ ಕಾದ ಮ್ಯಾನಿಫೋಲ್ಡ್‌ಗೇ ಅದನ್ನು ಕೂರಿಸಿದ್ದರೆ, ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಬಾನೆಟ್ ಒಳಗೆ ಅದು 70 ದಾಟುತ್ತದೆ, ಗಾಳಿ ತೆಳುವಾಗಿದೆ ಅಂತ ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ಸೆನ್ಸರನ್ನು ಏರ್ ಫಿಲ್ಟರ್ ಹತ್ತಿರದ ಪೈಪಿಗೆ ಸರಿಸಿ.

ಇನ್ನು ಜರ್ಕ್. ಓಡಿಸುವಾಗ ಲ್ಯಾಪ್‌ಟಾಪ್‌ನಲ್ಲಿ ಲಾಗ್ ಹಾಕಿ ಆರ್‌ಪಿಎಂ ಗೆರೆ ನೋಡಿ. ಅದು 3,000ದಿಂದ ಒಮ್ಮೆಲೇ 7,000ಕ್ಕೆ ಹಾರಿ ಇಳಿದರೆ, ಇಂಜಿನ್ ಹಾಗೆ ಓಡಿಲ್ಲ, ಆ ಹಲ್ಲಿನ ಚಕ್ರ ನೋಡಿ ಇಂಜಿನ್ ಸುತ್ತು ಎಣಿಸುವ ಕ್ರ್ಯಾಂಕ್ ಸೆನ್ಸರ್‌ನ ಸಿಗ್ನಲ್ ಕೆಟ್ಟಿದೆ. ಅದರ ವೈರು ಪ್ಲಗ್ ವೈರುಗಳ ಜೊತೆ ಒಂದೇ ಕಟ್ಟಿನಲ್ಲಿದ್ದರೆ ಬೇರೆ ಮಾಡಿ. ವೈರಿನ ಮೇಲಿನ ಜಾಲರಿಯನ್ನು ಇಸಿಯು ಕಡೆ ಮಾತ್ರ ಅರ್ತ್ ಮಾಡಿ. ನೀವು ಹಾಕಿದ ಹೊಸ ಪ್ಲಗ್ ನಂಬರಿನಲ್ಲಿ ಬಿಪಿಆರ್ ಅಂತ ಇದೆಯೋ ಬರೀ ಬಿಪಿ ಅಂತ ಇದೆಯೋ? ಆ 'ಆರ್' ಅಂದರೆ ಒಳಗೆ ರೆಸಿಸ್ಟರ್ ಇದೆ ಅಂತ. ಅದಿಲ್ಲದ ಪ್ಲಗ್‌ನ ಕಿಡಿ ಇಸಿಯುಗೆ ಗಲಾಟೆ ಹಚ್ಚುತ್ತದೆ.

ಈ ಕ್ರ್ಯಾಂಕ್ ಸೆನ್ಸರ್ ಎರಡು ವೈರಿನದಾದರೆ ಉಲ್ಟಾ ಕೂಡ ಕೊಟ್ಟಿರಬಹುದು. ಸಾಫ್ಟ್‌ವೇರ್‌ನಲ್ಲಿ ಟೈಮಿಂಗ್ (ಕಿಡಿ ಹಾರುವ ಗಳಿಗೆ) 10 ಡಿಗ್ರಿಗೆ ಲಾಕ್ ಮಾಡಿ, ಪುಲ್ಲಿ ಮೇಲೆ ಟೈಮಿಂಗ್ ಲೈಟ್ ಹಿಡಿದು ನಿಧಾನಕ್ಕೆ ರೇಸ್ ಕೊಡಿ. ಗುರುತು ಅಲ್ಲೇ ನಿಲ್ಲಬೇಕು. ಸರಿದು ಹೋದರೆ ಎರಡು ವೈರು ಅದಲು ಬದಲು ಮಾಡಿ, ಮತ್ತೆ ಗುರುತು ಕೂಡಿಸಿ.

ಅರ್ತ್ ಮರೆಯಬೇಡಿ. ನನ್ನ ಹಳೇ ಕಾರಿನಲ್ಲಿ ಇದೇ ತರಹದ ಜರ್ಕಿಗೆ ಮೂರು ದಿನ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಸೂಪರ್ ಮಾರ್ಕೆಟ್ ಹತ್ತಿರದ ಒಬ್ಬ ಮುದುಕ ಮೆಕ್ಯಾನಿಕ್ ಬಾನೆಟ್ ಎತ್ತಿ, "ಅರ್ತ್ ಬಿಟ್ಟದ ನೋಡ್ರಿ" ಅಂದ. ಪೇಂಟ್ ಮೇಲೇ ಬೋಲ್ಟ್ ಬಿಗಿದಿದ್ದರು. ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ, ಐದು ನಿಮಿಷದ ಕೆಲಸ. ಐವತ್ತು ರೂಪಾಯಿ ಕೊಟ್ಟರೆ ತಗೊಳ್ಳಲಿಲ್ಲ, ಚಹಾ ಕುಡಿಸಿದೆ.

ಪ್ರಶ್ನೆ: ಬೆಂಗಳೂರಿನಲ್ಲಿದ್ದಾಗ ಬೈಕಿಗೆ ಟ್ಯೂನಿಂಗ್ ಬಾಕ್ಸ್ (ಪೆಟ್ರೋಲ್ ಲೆಕ್ಕ ಬದಲಿಸುವ ಡಬ್ಬಿ) ಹಾಕಿಸಿದ್ದೆ. ಊರಿಗೆ ಬಂದ ಮೇಲೆ ಚಳಿಗಾಲದ ಬೆಳಿಗ್ಗೆ ಪಿಕಪ್ ಇಲ್ಲ, ಸೈಲೆನ್ಸರ್ ಪಟಪಟ ಅನ್ನುತ್ತದೆ. ಬೇಸಿಗೆಯಲ್ಲಿ ಸರಿ ಇತ್ತು. ಯಾಕೆ?
- ಓದುಗರು, ಯಾದಗಿರಿ

ಉತ್ತರ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಯಾದಗಿರಿ ಸುಮಾರು 390. ಇಲ್ಲಿ ಗಾಳಿಯ ಒತ್ತಡ ಶೇಕಡಾ 6ರಷ್ಟು ಜಾಸ್ತಿ. ಬಾಕ್ಸ್ ಬರೀ ಥ್ರಾಟಲ್ ನೋಡಿ ಪೆಟ್ರೋಲ್ ಕೊಡುತ್ತಿದ್ದರೆ ಅದು ಸಾಲುವುದಿಲ್ಲ. ಬೇಸಿಗೆಯಲ್ಲಿ ಬಿಸಿಲೇ ಗಾಳಿಯನ್ನು ತೆಳ್ಳಗೆ ಮಾಡಿ ಲೆಕ್ಕ ಸರಿ ಮಾಡಿತ್ತು, ಚಳಿಗೆ ಬಣ್ಣ ಬಯಲಾಯಿತು. ಸೈಲೆನ್ಸರ್ ಜಾಯಿಂಟಿನಲ್ಲಿ ಗಾಳಿ ಎಳೆದರೂ ಹೀಗೇ ಸದ್ದು ಬರುತ್ತದೆ, ಮೊದಲು ಅದನ್ನು ನೋಡಿ. ಆಮೇಲೆ ಬಾಕ್ಸ್ ಕಳಚಿ ಕಂಪನಿ ವೈರಿಂಗ್‌ನಲ್ಲೇ ಒಂದು ವಾರ ಓಡಿಸಿ. ಸರಿ ಹೋದರೆ ಟ್ಯೂನಿಂಗ್ ಇಲ್ಲೇ ಮಾಡಿಸಿ, ಡಿಸೆಂಬರ್ ಬೆಳಿಗ್ಗೆಯೇ ಮಾಡಿಸಿ.